ಪರೀಕ್ಷೆಗೆ ಬಾರದ ಐದನೆಯ ಶಾಖೆ

ಏಪ್ರಿಲ್ ೯, ೨೦೧೨, ಸೋಮವಾರ. ಇವಾಕಿ.

ಬೆಳಗ್ಗೆ ಹೊಸ ತರಗತಿಗೆ ಭೌತಶಾಸ್ತ್ರವನ್ನು ಪರಿಚಯಿಸಿದೆ. ಎಂದಿನಂತೆ ಬೋರ್ಡಿನ ಮೇಲೆ ಐದು ಶಾಖೆಗಳನ್ನು ಬರೆದೆ: ಚಲನೆ, ಶಾಖ, ಅಲೆ, ವಿದ್ಯುತ್ತು, ಪರಮಾಣು. ಎಂದಿನ ಮಾತನ್ನೂ ಆಡಿದೆ. "ಕೊನೇದನ್ನ ಬಿಟ್ಬಿಡಿ, ಪರೀಕ್ಷೆಗೆ ಬರಲ್ಲ."

ಕೊನೆಯ ಸಾಲಿನ ಕುಸಾನೊ ಮಿಯೊ ಎದ್ದು ನಿಂತಳು. ಕಳೆದ ವರ್ಷ ಇಲ್ಲಿಗೆ ಹತ್ತಿರದ ಅಣುಸ್ಥಾವರ ಸಿಡಿದ ಮೇಲೆ ಊರು ಬಿಟ್ಟು ಬಂದವಳು; ಅಜ್ಜಿಯೊಂದಿಗೆ ಸಂತ್ರಸ್ತರ ಶೆಡ್ಡಿನಲ್ಲಿದ್ದಾಳೆ.

"ಮೇಷ್ಟ್ರೇ, ಮನೆಗೆ ಯಾವಾಗ ಹೋಗೋದು ಅಂತ ಅಜ್ಜಿ ದಿನಾ ಕೇಳ್ತಾರೆ. ಅದಕ್ಕೆ ಉತ್ತರ ಆ ಐದನೇದ್ರಲ್ಲೇ ಅಲ್ವಾ ಇರೋದು?"

"ಆಮೇಲೆ ನೋಡೋಣಮ್ಮ" ಅಂದೆ. ತಲೆ ಬಾಗಿಸಿ ಕೂತಳು.

ಇಪ್ಪತ್ತಾರು ವರ್ಷದಿಂದ ಆ ಪಾಠ ಬಿಟ್ಟುಕೊಂಡೇ ಬಂದೆ. ಈಗ ಪುಸ್ತಕ ತೆಗೆದರೆ ಆ ಹಾಳೆಗಳು ಹೊಸದಾಗಿಯೇ ಇವೆ. ಸ್ಥಾವರದಿಂದ ಹಾರಿ ಅವರೂರಿನ ಮಣ್ಣಿಗೆ ಬಿದ್ದ ಸೀಸಿಯಂ ಎಂಬ ವಿಕಿರಣ ವಸ್ತು ಅರ್ಧಕ್ಕಿಳಿಯಲು ಮೂವತ್ತು ವರ್ಷ. ಅಜ್ಜಿಗೆ ಎಂಬತ್ತೊಂದಂತೆ. ನಾಳೆ ಆ ಹುಡುಗಿಗೆ ಈ ಲೆಕ್ಕವನ್ನು ಹೇಗೆ ಹೇಳಲಿ?