ಬೆನ್ನಿನ ಸೂಜಿ

ಶಹಾಪುರ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಅರ್ಜುಮಂದಾ,

ನನ್ನ ಜೈಭೀಮ್, ನಿನಗೆ ಸಲ್ಲಬೇಕಾದ ಸಲಾಮು, ಎರಡನ್ನೂ ತಗೋ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರವಿಲ್ಲವೆಂದು ಬೀದರಿನಲ್ಲಿ ಕೂತು ಬೈಯುತ್ತಿರುತ್ತೀ, ಗೊತ್ತು. ಬೈಯಿ. ಫೋನ್ ಮಾಡೋಣವೆಂದರೆ ನಿನ್ನ ಕಿವಿ ಈಗ ಪೂರಾ ಮಂದವಾಗಿದೆ. ವಾಟ್ಸಾಪಿನಲ್ಲಿ ಬರೆದರೆ ಮೊದಲು ನಿನ್ನ ಮೊಮ್ಮಗಳು ಓದುತ್ತಾಳೆ, ಆಮೇಲೆ ನೀನು. ಹೆಂಗಸರ ಮಾತು ಹುಡುಗಿಯ ಬಾಯಿಂದ ನಿನಗೆ ತಲುಪುವುದು ಬೇಡವೆಂದು ಕಾಗದ ಹಿಡಿದು ಕೂತಿದ್ದೇನೆ. ಸುರಪುರದಲ್ಲಿ ಟೀಚರ್ ಟ್ರೇನಿಂಗಿಗೆ ಒಂದೇ ಕೋಣೆಯಲ್ಲಿದ್ದಾಗಲೇ ನನ್ನ ಅಕ್ಷರಕ್ಕೆ ನೀನು ನಗುತ್ತಿದ್ದೆ. ಈಗ ಇನ್ನಷ್ಟು ಕೆಟ್ಟಿದೆ. ಕೈ ಸೋತಿದೆ ಕಣೇ.

ಸುದ್ದಿ ಮೊದಲು ಹೇಳಿಬಿಡುತ್ತೇನೆ. ನನ್ನ ಸೊಸೆ ಸಂಘಮಿತ್ರಾ ಹೆತ್ತಳು. ಹೆಣ್ಣುಕೂಸು. ಇಬ್ಬರೂ ಚೆನ್ನಾಗಿದ್ದಾರೆ. ಬಾಣಂತನ ನನ್ನದೇ. ಬೆಳಿಗ್ಗೆ ಎದ್ದು ನೀರು ಕಾಯಿಸಿ, ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ಬಾಣಂತಿಗೆ ಬಿಸಿ ರೊಟ್ಟಿ ಮಾಡಿಟ್ಟು ಸಗರದ ಶಾಲೆಗೆ ಬಸ್ಸು ಹಿಡಿಯುತ್ತೇನೆ. ಅಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರೆ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ. ಸಂಜೆ ಬಂದರೆ ಅದೇ ಕೆಲಸ ಮತ್ತೆ ಕೈಗೆ ಬರುತ್ತದೆ. ಬೇಸರವಲ್ಲ, ಮೊಮ್ಮಗಳ ಮೇಲೆ ಯಾರಿಗೆ ಬೇಸರ? ದಣಿವು ಅಷ್ಟೇ.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಆದರೆ ಮಿತ್ರಾಳಿಗೆ ತಾಯಿಯಿಲ್ಲ. ಅವಳು ಸಣ್ಣವಳಿದ್ದಾಗ ವನದುರ್ಗದ ಮನೆಯಲ್ಲಿ ಅವಳ ತಾಯಿ ಎರಡನೆಯ ಹೆರಿಗೆಯಲ್ಲಿ ತೀರಿಹೋದಳು. ಗಾಡಿ ಸಿಕ್ಕಲಿಲ್ಲವಂತೆ. ಹುಡುಗಿಯನ್ನು ಯಾರೂ ಆಚೆ ಮನೆಗೆ ಕಳಿಸಲಿಲ್ಲ. ಮುಚ್ಚಿದ ಬಾಗಿಲ ಹೊರಗೆ ಕೂತು ಒಳಗಿನ ಚೀರಾಟವನ್ನೆಲ್ಲ ಕೇಳಿದಳು. ಆಮೇಲೆ ಚೀರಾಟ ನಿಂತಿತು. ನನ್ನ ಮಗ ಬುದ್ಧಪ್ರಿಯನಿಗೆ ಈ ಕಥೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಇವಳು ಬಸುರಿಯಾದ ದಿನದಿಂದ ಅವನ ಮುಖದಲ್ಲಿ ನಗು ಹೋಯಿತು. ಹೆಂಡತಿ ಸುರಪುರದ ತಾಲೂಕು ಕಚೇರಿಗೆ ಬಸ್ಸಿನಲ್ಲಿ ಹೋಗಿಬರುವುದನ್ನೂ ಬಿಡಿಸಿ, ಹೆರಿಗೆಯವರೆಗೆ ರಜೆ ಹಾಕಿಸಿದ.

ತುಂಬು ತಿಂಗಳಲ್ಲಿ ಮೂವರೂ ಯಾದಗಿರಿಯ ನರ್ಸಿಂಗ್ ಹೋಮಿಗೆ ತೋರಿಸಲು ಹೋಗಿದ್ದೆವು. ಡಾಕ್ಟರ್ ಖುರ್ಷೀದಬೇಗಂ ಒಳ್ಳೆಯ ಹೆಂಗಸು, ಕೂಡಿಸಿಕೊಂಡು ಮಾತಾಡುತ್ತಾಳೆ. ಹೆರಿಗೆ ನೋವೆಂದರೆ ಭಯವೇ ಎಂದು ಮಿತ್ರಾಳನ್ನು ಕೇಳಿದಳು. ಇವಳು ತಲೆ ತಗ್ಗಿಸಿ ಕೂತಳು.

"ನೋಡವ್ವ, ಬೆನ್ನಿಗೆ ಒಂದು ಇಂಜೆಕ್ಷನ್ ಅದ, ಎಪಿಡ್ಯೂರಲ್ ಅಂತಾರ," ಎಂದಳು ಡಾಕ್ಟರು. "ನಡದ ಹತ್ರ ಸಣ್ಣ ನಳಿ ಇಟ್ಟು ಔಷಧ ಬಿಡತೀವಿ. ಎಚ್ಚರ ಇರತೀ, ನೋವು ಭಾಳ ಕಮ್ಮಿ ಆಗತದ. ಬಿ.ಪಿ. ಇಳೀಬಹುದು, ಅದನ್ನ ನೋಡ್ಕೊಂತೀವಿ. ಕೆಲವರಿಗೆ ಒಂದೆರಡು ದಿನ ತಲಿನೋವು ಬರತದ. ಮುಕ್ಕಿ ಕೂಸನ್ನ ಹೊರಗ ನೂಕೋದು ಸ್ವಲ್ಪ ತಡಾ ಆಗಬಹುದು. ಬೇಕೇ ಬೇಕು ಅಂತಿಲ್ಲ. ಬೇಕಂದ್ರ ನೀ ಹೇಳಬೇಕು."

"ಜನ್ಮಪೂರ್ತಿ ನಡಾ ನೋಯ್ತದ ಅಂತಾರಲ್ರಿ ಮೇಡಂ?" ಎಂದು ಬುದ್ಧಪ್ರಿಯ ಕೇಳಿದ.

"ಚುಚ್ಚಿದ ಜಾಗಾ ನಾಕು ದಿನ ನೋಯಬಹುದು. ಜನ್ಮಪೂರ್ತಿ ಅನ್ನೋದು ಮಂದಿ ಮಾತು."

ಅವನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಆದರೂ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದ. "ಬ್ಯಾಡಂದ್ರ ಬ್ಯಾಡ. ಬೆನ್ನಮೂಳಿಗೆ ಸೂಜಿ! ಕೈ ಒಂದೀಟು ಜಾರಿದ್ರ ಕಾಲು ಹೋದ್ವು. ಸೀದಾ ಹೆರಿಗಿ ಆಗೋದಿದ್ರ ಮಧ್ಯ ಇದೆಲ್ಲ ಯಾಕ?"

ನಮ್ಮ ಅತ್ತೆ ಅಯ್ಯಮ್ಮನನ್ನು ನೀನು ನೋಡಿದ್ದೀಯಲ್ಲ, ಈಗ ಗೋಡೆ ಹಿಡಿದು ನಡೆಯುತ್ತಾಳೆ. ಹಳೇ ಕಾಲದವಳು, ಮೊಮ್ಮಗನ ಪಕ್ಷ ಹಿಡಿದು ನಮ್ಮನ್ನು ಬೈಯುತ್ತಾಳೆಂದು ನಾನು ತಯಾರಾಗಿದ್ದೆ. ಮುದುಕಿ ಎಲೆ ಅಡಿಕೆ ಒಂದು ಕಡೆ ದವಡೆಗೆ ಸರಿಸಿ ಕೇಳಿದಳು:

"ಏ ಹುಡುಗಾ, ಸೂಜಿ ಯಾರ ಬೆನ್ನಿಗೆ?"

"ಮಿತ್ರಾಗ, ಆಯಿ."

"ಮತ್ತ ನೀ ಯಾಕ ಹೊಯ್ಕೊಳ್ಳಾಕತ್ತಿ? ನಾ ಹಡಿಯೋವಾಗ ಯಾರರ ಬಂದು ಸೂಜಿ ಬೇಕೇನವ್ವ ಅಂತ ಕೇಳಿದ್ರ, ಎರಡು ಹಾಕ್ರಿ ಅಂತಿದ್ದೆ."

ಮಿತ್ರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಮ್ಮ ಮನೆಯವರು ದ್ಯಾವಪ್ಪನವರು ಮಾತ್ರ ಪೇಪರು ಮಡಚಿಟ್ಟು, "ನೀವು ನೀವು ಏನರ ಮಾಡ್ಕೊಳ್ರಿ," ಎಂದು ವಾಕಿಂಗಿಗೆ ಹೊರಟುಹೋದರು. ಇಂಥ ಮಾತು ಬಂದಾಗಲೆಲ್ಲ ಅವರಿಗೆ ವಾಕಿಂಗ್ ನೆನಪಾಗುತ್ತದೆ. ಬುದ್ಧಪ್ರಿಯ ನಗಲಿಲ್ಲ. ರಾತ್ರಿ ಊಟ ಅರ್ಧಕ್ಕೇ ಬಿಟ್ಟೆದ್ದ. ಅವನ ಮುಖ ನೋಡಿ ಮಿತ್ರಾ ನನಗೆ ಮೆಲ್ಲಗೆ ಹೇಳಿದಳು, "ಅವರಿಗೆ ಬ್ಯಾಡಾದ್ರ ಬಿಡ್ರಿ ಅತ್ತಿ. ನಾ ತಡಕೊಂತೀನಿ." ಮಾತು ಅಲ್ಲಿಗೆ ನಿಂತಿತು. ತೀರ್ಮಾನವಾಗಿ ನಿಂತದ್ದಲ್ಲ, ಎಲ್ಲರಿಗೂ ಸಾಕಾಗಿ ನಿಂತದ್ದು.

ಆಗಸ್ಟಿನಲ್ಲಿ ಒಂದು ದಿನ ಬೆಳಿಗ್ಗೆ ಬೇನೆ ಶುರುವಾಯಿತು. ಬಾಡಿಗೆ ಕಾರು ತರಿಸಿ ಹೊರಟೆವು. ಆ ರಸ್ತೆಯ ತಗ್ಗುದಿಣ್ಣೆ ನಿನಗೆ ಗೊತ್ತಲ್ಲ. ಭೀಮಾ ಸೇತುವೆಯ ಮೇಲೆ ಬರುವಷ್ಟರಲ್ಲಿ ಮಿತ್ರಾ ನನ್ನ ಮುಂಗೈ ಹಿಚುಕಿ ಹಿಚುಕಿ ಕೆಂಪು ಮಾಡಿದ್ದಳು. ಬಾಯಿಂದ ಮಾತ್ರ ಒಂದು ಸದ್ದಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೋವು ಏರಿತು. ಹೆರಿಗೆ ಕೋಣೆಯಲ್ಲಿ ಅವಳ ಹತ್ತಿರ ನನ್ನನ್ನು ಬಿಟ್ಟಿದ್ದರು. ಅರ್ಜುಮಂದಾ, ಆ ಹುಡುಗಿ ಏನು ಮಾಡುತ್ತಿದ್ದಳು ಗೊತ್ತೇ? ನೋವು ಬಂದಾಗಲೆಲ್ಲ ದುಪಟ್ಟಾದ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಕತ್ತಿನ ನರಗಳು ಹಗ್ಗದಂತೆ ಎದ್ದು ನಿಲ್ಲುತ್ತಿದ್ದವು. ನರ್ಸಮ್ಮ, "ಕೂಗವ್ವ, ಕೂಗಿದ್ರ ಹಗುರ ಆಗತದ," ಎಂದಳು. ಇವಳು ತಲೆಯಾಡಿಸಿ ಬೇಡವೆಂದಳು.

ಒಂದು ಬೇನೆ ಇಳಿದಾಗ ಬಗ್ಗಿ ಕೇಳಿದೆ. "ಮಿತ್ರಾ, ನಿನಗೇನು ಬೇಕು? ಅವನ ಮಾತು ಬಿಡು, ನನ್ನ ಮಾತೂ ಬಿಡು. ನಿನಗ ಏನು ಬೇಕು ಹೇಳು."

ಬಾಯಿಂದ ಬಟ್ಟೆ ತೆಗೆದು ಅಂದಳು, "ಸೂಜಿ ಬೇಕ್ರಿ ಅತ್ತಿ. ನೋವಿಗೆ ಅಂಜಿಲ್ರಿ. ನಾ ಚೀರಿದ್ರ ನಮ್ಮವ್ವನ ದನಿ ಕೇಳಿಸ್ತದ."

ನಾನು ಹೊರಗೆ ಬಂದೆ. ಬುದ್ಧಪ್ರಿಯ ಬೆಂಚಿನ ತುದಿಯಲ್ಲಿ ಕೂತಿದ್ದ. ಅವಳು ಕೇಳಿದ್ದನ್ನು ಹೇಳಿದೆ. ಅವನು ಎದ್ದು ನಿಂತು ಮತ್ತೆ ಅದೇ ವಾದ ತೆಗೆದ. ಮಾತಿಗೆ ಮಾತು ಬೆಳೆಯಿತು. ಕಾರಿಡಾರಿನ ಮಂದಿ ತಿರುಗಿ ನೋಡುವಂತಾಯಿತು. ಕೊನೆಗೆ ಅವನ ದನಿ ಒಡೆಯಿತು. "ಆಕಿಗೇನರ ಆದ್ರ ನಾ ಏನು ಮಾಡಲಿ ಅವ್ವ? ಬ್ಯಾಡ ಅಂತ ನಾ ಹೇಳಬೌದಿತ್ತು, ಹೇಳಲಿಲ್ಲ ಅಂತ ಸಾಯೋತನ ಇರತದ." ಸಿಟ್ಟಲ್ಲ ಅದು, ಹೆದರಿಕೆ. ಆದರೆ ಒಳಗೆ ನೋವು ತಿನ್ನುತ್ತಿದ್ದವಳು ಅವಳು.

ಅಷ್ಟರಲ್ಲಿ ಡಾಕ್ಟರು ಬಂದಳು. ನನ್ನನ್ನೂ ಅವನನ್ನೂ ದಾಟಿ ಸೀದಾ ಒಳಗೆ ಹೋಗಿ ಮಿತ್ರಾಳನ್ನು ಕೇಳಿದಳು. ಮಿತ್ರಾ ಬೇಕೆಂದಳು. ಸಹಿ ಅವಳದೇ ಸಾಕಂತೆ, ಗಂಡನದು ಬೇಕಿಲ್ಲವಂತೆ. ನನಗೂ ಅದು ಗೊತ್ತಿರಲಿಲ್ಲ ನೋಡು. ಅವನಿಗೆ, "ನೀನೂ ಒಳಗ ಬಾ, ಆಕಿನ ಒಮ್ಮೆ ನೋಡು," ಎಂದು ನಾನೇ ಹೇಳಿದೆ. ಬಂದ. ದುಪಟ್ಟಾ ಕಚ್ಚಿಕೊಂಡು ಒದ್ದಾಡುತ್ತಿದ್ದವಳನ್ನು ನೋಡಿದ. ಹತ್ತಿರ ಹೋಗಿ ಬಾಯಲ್ಲಿದ್ದ ಬಟ್ಟೆಯನ್ನು ತಾನೇ ಮೆಲ್ಲಗೆ ಎಳೆದು ತೆಗೆದ. ಗೋಡೆಗೆ ಮುಖ ಮಾಡಿ ನಿಂತ.

ಅರಿವಳಿಕೆ ಡಾಕ್ಟರು ಫಕ್ರುದ್ದೀನರು ಬೇರೆ ದವಾಖಾನೆಯಲ್ಲಿ ಒಂದು ಆಪರೇಷನ್ನಿನಲ್ಲಿದ್ದರು. ಅವರು ಬರುವ ತನಕ ಕಾದದ್ದಿದೆಯಲ್ಲ, ಅದು ಎಲ್ಲಕ್ಕಿಂತ ಕಷ್ಟ. ಬಂದವರು ಅವಳನ್ನು ಎಬ್ಬಿಸಿ ಕೂಡಿಸಿ, "ಬೆಕ್ಕು ಮೈ ಬಗ್ಗಸ್ತದಲ್ಲವ್ವ, ಹಂಗ ಬೆನ್ನು ಬಗ್ಗಸು. ಬ್ಯಾನಿ ಬಂದ್ರೂ ಅಲುಗಾಡಬ್ಯಾಡ," ಎಂದರು. ನಾನು ಮುಂದೆ ನಿಂತು ಭುಜ ಹಿಡಿದೆ. ಅವಳ ಹಣೆ ನನ್ನ ಎದೆಗಾನಿತ್ತು. ಸೂಜಿ ಒಳಗಿದ್ದಾಗಲೇ ಒಂದು ಬೇನೆ ಬಂತು. ಅವಳು ಕಲ್ಲಿನ ಹಾಗೆ ಕೂತಳು, ನಡುಗಿದ್ದು ನಾನು.

ಸಿನಿಮಾದಲ್ಲಿ ತೋರಿಸುವ ಹಾಗೆ ಒಮ್ಮೆಗೇ ನೋವು ಮಾಯವಾಗಲಿಲ್ಲ. ಎಡ ಪಕ್ಕೆಯಲ್ಲಿ ಬಹಳ ಹೊತ್ತು ಉಳಿಯಿತು. ಅವರು ನಳಿ ಸ್ವಲ್ಪ ಹಿಂದಕ್ಕೆಳೆದು ಮತ್ತೆ ಔಷಧ ಬಿಟ್ಟರು. ಮೈಯೆಲ್ಲ ತುರಿಕೆ ಬಂತು, ಚಳಿ ಬಂತು. ಆಮೇಲೆ ಭುಜ ಇಳಿಯಿತು, ಮುಷ್ಟಿ ಬಿಚ್ಚಿತು. ನೋಡನೋಡುತ್ತ ನಿದ್ದೆ ಹೋದಳು. ಹೆರಿಗೆ ಮಂಚದ ಮೇಲೆ ಹೆಣ್ಣೊಬ್ಬಳು ನಿದ್ದೆ ಮಾಡುವುದನ್ನು ನಾನು ಈ ಜನ್ಮದಲ್ಲಿ ಮೊದಲ ಸಲ ನೋಡಿದೆ.

ಮುಕ್ಕುವ ಹೊತ್ತು ಮಾತ್ರ ಉದ್ದವಾಯಿತು. ಸಂಜೆ ಕಳೆದರೂ ಕೂಸು ಬರಲಿಲ್ಲ. ಕೊನೆಗೆ ಡಾಕ್ಟರು ಬಟ್ಟಲಿನಂಥದ್ದೊಂದನ್ನು ಕೂಸಿನ ನೆತ್ತಿಗೆ ಹಚ್ಚಿ ಎಳೆದಳು. ಬಂತು. ತಲೆ ಸ್ವಲ್ಪ ಉದ್ದವಾಗಿ, ನೆತ್ತಿಯ ಮೇಲೆ ಉಬ್ಬು. ಅದನ್ನು ನೋಡಿದ್ದೇ ತಡ ಬುದ್ಧಪ್ರಿಯ, "ನಾ ಹೇಳಿದ್ದಿಲ್ಲೇನು? ಎಲ್ಲಾ ಆ ಸೂಜಿಂದ ಆಗಿದ್ದು," ಎಂದ. ಡಾಕ್ಟರು ಬೆವರು ಒರೆಸಿಕೊಂಡು ಹೇಳಿದಳು, "ಕೂಸು ಮಕ ಮ್ಯಾಲ ಮಾಡಿತ್ತಪ್ಪ, ಹಂಗಿದ್ರ ತಡಾ ಆಗೋದೇ. ಸೂಜಿಂದ ಒಂದೀಟು ಹೆಚ್ಚು ತಡಾ ಆಗಿರಬಹುದು, ಇಲ್ಲ ಅನ್ನಂಗಿಲ್ಲ. ಉಬ್ಬು ಇಳಿತದ." ಇಳಿಯಿತು. ಈಗ ತಲೆ ಗುಂಡಗೆ ನಿಂಬೆಹಣ್ಣಿನಂತಿದೆ.

ಮನೆಗೆ ಬಂದ ಮೇಲೆ ಮಗ ನನ್ನೊಡನೆ ಮಾತು ಬಿಟ್ಟ. ಬೇಕಾದದ್ದನ್ನು ಅಜ್ಜಿಯ ಮುಖಾಂತರ ಹೇಳುತ್ತಿದ್ದ. ಎದುರುಮನೆ ಪಾರ್ವತೆಮ್ಮ ಕೂಸು ನೋಡಲು ಬಂದವಳು, "ನಿಮ್ಮ ಸೊಸಿ ನೋವಿಲ್ದ ಹಡದಾಳಂತ? ಪುಣ್ಯವಂತಿ ಬಿಡ್ರಿ," ಎಂದಳು. ಹೊಗಳಿಕೆಯಲ್ಲ ಅದು, ಚುಚ್ಚು ಮಾತು. ಅವಳು ಹೋದ ಮೇಲೆ ಮಿತ್ರಾ ಕೂಸಿಗೆ ಹಾಲು ಕುಡಿಸುತ್ತ ಕೇಳಿದಳು, "ಅತ್ತಿ, ನಾ ಹಡದಿದ್ದು ಲೆಕ್ಕಕ್ಕ ಬರತದೇನ್ರಿ?" "ಮಡಿಲಾಗ ಕೂಸು ಅದ ಇಲ್ಲೋ ನೋಡ್ಕೊ. ಇದ್ರ ಬಂತು ಲೆಕ್ಕಕ್ಕ," ಎಂದೆ.

ಮೊನ್ನೆ ನಾನು ಶಾಲೆಯಿಂದ ಬಂದಾಗ ಗಂಡಹೆಂಡತಿ ಮಾತಾಡುತ್ತಿದ್ದರು, ಬಾಗಿಲು ತೆರೆದೇ ಇತ್ತು. ಅಷ್ಟು ಹಟ ಯಾಕೆ ಮಾಡಿದೆ ಎಂದು ಅವನು ಕೇಳಿರಬೇಕು. ಅವಳು ಹೇಳುತ್ತಿದ್ದಳು, "ಆ ಕ್ವಾಣ್ಯಾಗ ಮೊದಲು ಚೀರಿದ್ದು ನಾ ಅಲ್ರಿ, ಕೂಸು. ನನಗ ಅಷ್ಟೇ ಬೇಕಾಗಿತ್ತು." ಆಮೇಲೆ ಅವನು ಅಡುಗೆಮನೆಗೆ ಬಂದು, "ಅವ್ವ, ಚಾ ಮಾಡ್ಲೇನು? ದಣದಿ," ಎಂದ. ಮಾಡಿಕೊಟ್ಟ. ಸಕ್ಕರೆ ಜಾಸ್ತಿ ಹಾಕಿದ್ದ. ಕುಡಿದೆ.

ಇಷ್ಟು ಸುದ್ದಿ. ನಿನ್ನ ಕಿವಿಗೆ ಮಿಷನ್ ಹಾಕಿಸಿಕೋ, ಹಟ ಬಿಡು. ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ನಿನ್ನ ಮೊಮ್ಮಗಳು ಚೆನ್ನಾಗಿ ಓದಲಿ, ಯಾರ ಮುಖವನ್ನೂ ನೋಡದೆ ತನಗೆ ಬೇಕಾದ್ದನ್ನು ಕೇಳುವ ಬಾಯಿ ಅವಳಿಗೆ ಬರಲಿ. ನಿನ್ನ ದುವಾದಲ್ಲಿ ನಮ್ಮ ಕೂಸನ್ನೂ ಸೇರಿಸಿಕೋ. ಇನ್ನೂ ಹೆಸರಿಟ್ಟಿಲ್ಲ.

ನಿನ್ನ,
ಪರಿಮಳಾ

ಮ.ವಿ.: ಸಹಿ ಮಾಡಿ ಕಾಗದ ಮಡಚಿ, ಮತ್ತೆ ಬಿಚ್ಚಿದೆ. ಆ ದಿನ ಕಾರಿಡಾರಿನಲ್ಲಿ ಮಾತಿಗೆ ಮಾತು ಬೆಳೆದಾಗ ಬುದ್ಧಪ್ರಿಯ ಇನ್ನೊಂದು ಮಾತೂ ಅಂದಿದ್ದ. "ಅವ್ವ, ನೀನೂ ನನ್ನನ್ನ ಹಡದಿ. ಸೂಜಿ ಇಲ್ಲ, ಔಷಧ ಇಲ್ಲ. ನಿನಗೇನಾಗ್ಯಾದ?" ಪ್ರೀತಿಯಿಂದಲೇ ಅಂದ, ಹೆಮ್ಮೆಯಿಂದ. ನಾನು ಮಾತನ್ನು ಮತ್ತೆ ಮಿತ್ರಾಳ ಕಡೆ ತಿರುಗಿಸಿದೆ.

ಅವನು ಹುಟ್ಟಿದಾಗಿನಿಂದ ನನ್ನ ಗರ್ಭಚೀಲ ಜಾರಿದೆ, ಅರ್ಜುಮಂದಾ. ಹೊತ್ತು ಏರಿದಂತೆ ಕೆಳಗೆ ಇಳಿಯುತ್ತದೆ. ಬಟ್ಟೆ ಬಿಗಿದು ಕಟ್ಟಿಕೊಂಡು ಪಾಠ ಮಾಡುತ್ತೇನೆ. ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆ. ಹಾಸಿಗೆ ಬೇರೆ ಹಾಸಿಕೊಂಡಾಗ ನಮ್ಮ ಮನೆಯವರು ನನಗೆ ಸಿಟ್ಟೆಂದುಕೊಂಡರು, ನಾನೂ ಹಾಗೇ ಇರಲೆಂದು ಬಿಟ್ಟೆ. ಸೂಜಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದಲ್ಲ, ಅದೇ ಬೇರೆ, ಇದೇ ಬೇರೆ. ಆದರೆ ಇಷ್ಟು ವರ್ಷದಲ್ಲಿ ನಿನಗೇನಾಗಿದೆ ಎಂದು ನನ್ನನ್ನು ಕೇಳಿದವನು ಅವನೊಬ್ಬನೇ. ಅವನೂ ತಿಳಿಯಬೇಕೆಂದು ಕೇಳಿದ್ದಲ್ಲ.

ದಸರಾ ರಜೆಯಲ್ಲಿ ನಿನ್ನನ್ನು ನೋಡುವ ನೆಪ ಹೇಳಿ ಬೀದರಿಗೆ ಬರುತ್ತೇನೆ. ಒಬ್ಬ ಹೆಣ್ಣು ಡಾಕ್ಟರನ್ನು ವಿಚಾರಿಸಿಡು. ಒಳಗೆ ನೀನೂ ನನ್ನ ಜೊತೆ ಬರಬೇಕು. ನನಗೆ ಬಾಯಿ ಬರದಿದ್ದರೆ ನೀನೇ ಹೇಳಬೇಕು.