ಉದ್ದ ಗಂಟೆ

ಭಾನುವಾರ, ಬೆಳಗ್ಗೆ

ಪ್ರೀತಿಯ ತಂಗಿ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ಆದರೆ ಇದನ್ನು ಅರ್ಧಕ್ಕೆ ಬಿಡಬೇಡ. ನನ್ನ ಮಂಡಿನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ.

ನಮ್ಮ ಬಡಾವಣೆಯ ಶಾಲೆಗೆ ಐವತ್ತು ತುಂಬುತ್ತಿದೆ. ಹಳೇ ಟೀಚರ್ ಅಂತ ಅದರ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಎಣ್ಣೆ ಗೋದಾಮಿನಲ್ಲಿ ಶುರುವಾದದ್ದು, ಮಕ್ಕಳ ಚಡ್ಡಿಗೆಲ್ಲ ಜಿಡ್ಡು ಮೆತ್ತುತ್ತಿದ್ದದ್ದು, ಗಂಟೆಯೆಂದು ರೈಲು ಕಂಬಿಯ ತುಂಡು ನೇತುಹಾಕಿದ್ದು, ಎಲ್ಲ ಖುಷಿಯಿಂದ ಬರೆದೆ. ಗಲಾಟೆಯ ದಿನಕ್ಕೆ ಬಂದಾಗ ಕೈ ನಿಂತಿತು. "ಆಕಸ್ಮಿಕ ಬೆಂಕಿ ಅಂತ ಒಂದು ಸಾಲು ಹಾಕಿ ಮುಗಿಸಿ ಟೀಚರ್" ಅಂದರು ಹೆಡ್‌ಮಾಸ್ಟರ್. ಮೈಯೆಲ್ಲ ಉರಿದುಹೋಯಿತು.

ಆಕಸ್ಮಿಕವಂತೆ! ನಿನಗೂ ನಾನು ಪೂರ್ತಿ ಹೇಳಿರಲಿಲ್ಲ. ನಲ್ಲಿ ನೀರಿನ ಜಗಳ ಎರಡು ಬೀದಿಗಳ ಹೊಡೆದಾಟವಾಗಿತ್ತಲ್ಲ, ನಮ್ಮ ಮೇಲಿನ ಬೀದಿಯವರು ಮಕ್ಕಳನ್ನು ಕಳಿಸಿರಲಿಲ್ಲ. ಬಂದವರೆಲ್ಲ ಕೆಳಬೀದಿಯ ಮಕ್ಕಳು. ಜೊತೆಗೆ, ಹಿಂದಿನ ದಿನ ಜ್ವರವಿದ್ದರೂ ಹಟ ಹಿಡಿದು ನನ್ನ ಕೈ ಹಿಡಿದುಕೊಂಡು ಬಂದ ನಿನ್ನ ಪುಟ್ಟಿ. ಸಲಾಕೆ ಹಿಡಿದ ಗುಂಪು ನುಗ್ಗಿದಾಗ ಅಗಳಿ ಹಾಕಿ ಮಕ್ಕಳನ್ನು ಬೆಂಚಿನಡಿ ಕೂರಿಸಿದೆ. ಗೋದಾಮಿನ ಬಾಗಿಲು, ಒಡೆಯಲಾಗದೆ ಸೋತರು. ಆಗ ಅಂಗಳದಲ್ಲಿ ಯಾರೋ ಉದ್ದ ಗಂಟೆ ಹೊಡೆದರು.

ಉದ್ದ ಗಂಟೆ ಅಂದರೆ ಮನೆಗೆ ಹೋಗುವ ಗಂಟೆ. "ಬೇಡ್ರೋ!" ಅಂತ ನಾನು ಕಿರುಚುವಷ್ಟರಲ್ಲಿ ಮಕ್ಕಳು ಅಗಳಿ ತೆಗೆದಾಗಿತ್ತು. ದಿನವೂ ಮಾಡುವಂತೆ ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ಹೊರಟೇಬಿಟ್ಟರು. ಎಲ್ಲರಿಗಿಂತ ಗಿಡ್ಡ ಅಂತ ಪುಟ್ಟಿ ಮೊದಲು. ಮೊದಲ ಏಟು ಅವಳ ತಲೆಗೇ ಬಿತ್ತು. ಹಿಂದಿನ ಮಗು ಹೆಗಲು ಬಿಡದೆ ಅವಳ ಜೊತೆಗೇ ಬಿತ್ತು. ಆಮೇಲೆ ಬೆಂಚುಗಳಿಗೆ ಬೆಂಕಿ ಇಟ್ಟರು. ನನ್ನ ಮೈಮೇಲೆ ಒಂದು ಏಟೂ ಬೀಳಲಿಲ್ಲ, ಅದೃಷ್ಟ ಅಂದುಕೊಂಡಿದ್ದೆ.

ಗಂಟೆ ಹೊಡೆದವನ ಮುಖ ನೋಡಲಿಲ್ಲ, ಸದ್ದು ಮಾತ್ರ ಮರೆತಿಲ್ಲ. ಎರಡು ಏಟು ಬಿರುಸಾಗಿ, ಮೂರನೆಯದು ಕಂಬಿಯ ಮೇಲೆ ಎಳೆದ ಹಾಗೆ. ನಿನ್ನೆ ಸಮಾರಂಭದ ತಯಾರಿಯಲ್ಲಿ ಮುಖ್ಯ ಅತಿಥಿ, ಇಲ್ಲೇ ಓದಿದವರು, ಅದೇ ಕಂಬಿಯನ್ನು ಹಾಗೇ ಹೊಡೆದರು. ಇದನ್ನು ಚರಿತ್ರೆಯಲ್ಲಿ ಬರೆದು ಸಭೆಯಲ್ಲಿ ನಾನೇ ಓದುತ್ತೇನೆ. ಅದಕ್ಕೂ ಮೊದಲು ನಿನಗೆ ಗೊತ್ತಾಗಬೇಕು.

ಊಟ ಬಿಡಬೇಡ. ದೇವರು ನಿನ್ನ ಎದೆಯನ್ನು ಗಟ್ಟಿಯಾಗಿಡಲಿ.

ನಿನ್ನ
ಅಕ್ಕ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಹೋದದ್ದು: ಆ ಮುಖ್ಯ ಅತಿಥಿ ನಿನ್ನ ಅಣ್ಣ. ಪುಟ್ಟಿಯನ್ನು ಮಣ್ಣಿಗೆ ಎತ್ತಿಕೊಂಡು ಹೋದವನು. ಎದುರಿಗೆ ನಿಲ್ಲಿಸಿ ಕೇಳಿದೆ. "ನಿನ್ನನ್ನ ಮುಟ್ಟಬೇಡಿ ಅಂತ ಮೊದಲೇ ಹೇಳಿದ್ದೆ ಅಕ್ಕಾ. ಪುಟ್ಟಿಗೆ ಜ್ವರ, ಮನೇಲೇ ಇದಾಳೆ ಅಂದ್ಕೊಂಡಿದ್ದೆ" ಅಂದ.