ಹದಿನೇಳನೇ ಡ್ರಮ್ಮಿನ ಅಡಿ

ಮಾರ್ಚ್ 3, ಬೆಳಿಗ್ಗೆ 7.15
ಎರಡು ಜೊತೆ ಗ್ಲೌಸ್, ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್. ಇವತ್ತು ಇಪ್ಪತ್ತು ಡ್ರಮ್. ಒಳಗೆ ಅಣುಸ್ಥಾವರದ ಕಸ, ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿದ್ದು. ಹೊರಗೆ ಏನೂ ಅಂಟಿಲ್ಲ ಅಂತ ನೋಡುವುದು ನನ್ನ ಕೆಲಸ. ಮೇಲೆ, ಸುತ್ತ, ಅಡಿ — ಕಾಗದದ ಬಿಲ್ಲೆಯಿಂದ ಒರೆಸಿ, ಮೀಟರಿಗೆ ಇಟ್ಟು, ಅಂಕಿ ಬರೆದು, ಸಹಿ. ಆಮೇಲೆ ಕ್ರೇನಣ್ಣ ಕಾಂಕ್ರೀಟ್ ಗುಂಡಿಗೆ ಇಳಿಸುತ್ತಾನೆ. ಮುನ್ನೂರು ವರ್ಷ ಕಾವಲು. ಒಂಬತ್ತನೇ ಕ್ಲಾಸಿನಲ್ಲಿ ನಲವತ್ತು ನಿಮಿಷ ಕೂರಲಾಗದೆ ಓಡಿ ಬಂದವಳ ಸಹಿ ಮುನ್ನೂರು ವರ್ಷ ಕೂತಿರುತ್ತದೆ. ಟೀಚರ್ ನೋಡಬೇಕಿತ್ತು.

ಮಾರ್ಚ್ 4, ಮಧ್ಯಾಹ್ನ
ಊಟದ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿಟ್ಟೆ. ನಿನ್ನೆಯ ಹದಿನೇಳನೇ ಡ್ರಮ್. ಅಡಿ ಒರೆಸಲಿಲ್ಲ. ಕೊಕ್ಕೆಯಲ್ಲಿ ತೂಗಿಸಿ, ಉದ್ದ ಕೋಲಿಗೆ ಬಿಲ್ಲೆ ಸಿಕ್ಕಿಸಿ ಚಾಚಬೇಕು... ಬೇಜಾರಾಯಿತು. ಸೊನ್ನೆ ಅಂತ ಬರೆದುಬಿಟ್ಟೆ. ಸಹಿಯನ್ನೂ ಹಾಕಿದೆ. ಈಗ ಅದರ ಮೇಲೆ ಇವತ್ತಿನವೂ ಸೇರಿ ಎರಡು ಸಾಲು ಡ್ರಮ್. ನಾಡಿದ್ದು ಸಂಜೆ ಗುಂಡಿಗೆ ಚಪ್ಪಡಿ ಮುಚ್ಚುತ್ತಾರೆ. ಅವತ್ತೇ ಕಾಯಂ ಆಗುವವರ ಪಟ್ಟಿ. ನಾನೂ ಇದ್ದೇನಂತೆ.

ಮಾರ್ಚ್ 5
ಮೇಸ್ತ್ರಿಗೆ ಹೇಳಿದೆ.
"ಕ್ಲೀನಾಗೇ ಇರುತ್ತೆ ಬಿಡು."
"ಇರಬಹುದು ಅಣ್ಣ. ನಾನು ನೋಡಿಲ್ಲ."
"ನಾಳೆ ಕಾಯಂ ಆಗ್ತೀಯ. ಒಂದಿನ ಬಾಯಿ ಮುಚ್ಕೊಂಡಿರೋಕೆ ಏನು ಧಾಡಿ ನಿಂಗೆ?"
"ಒಂದಿನ ಅಲ್ವಲ್ಲ ಅಣ್ಣ."
ಹಣೆ ಚಚ್ಚಿಕೊಂಡು ಫೋನ್ ಎತ್ತಿದ.

ಮಾರ್ಚ್ 6, ಸಂಜೆ
ಹದಿನಾಲ್ಕು ಡ್ರಮ್ ಎತ್ತಿದ ಮೇಲೆ ಅದು ಸಿಕ್ಕಿತು. ಕ್ರೇನಣ್ಣನ ಗೊಣಗಾಟ — "ನಮ್ಮನೆಯವಳೂ ಬೀರುನ ಇಷ್ಟು ಸಲ ಎತ್ತಿಸಿಲ್ಲ ತಾಯಿ." ಕೋಲು ಚಾಚಿದೆ. ಅಡಿ ಒರೆಸಿ ಬಿಲ್ಲೆಯನ್ನು ಮೀಟರಿಗೆ ಇಟ್ಟೆ. ಮೀಟರ್: ಸೊನ್ನೆ. ಹಿಂದೆ ಯಾರೋ ಕಿಸಕ್ಕೆಂದರು. ಹಳೆಯ ಅಂಕಿಗೆ ಓದುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಬರೆದೆ: ಒರೆಸದೆ ಸಹಿ ಹಾಕಿದ್ದೆ. ಇಂದು ಒರೆಸಿದೆ.
ಪಟ್ಟಿಯಿಂದ ತೆಗೆದರು. ಇನ್ನೊಂದು ವರ್ಷ ಟೆಂಪರರಿ.
ಅಮ್ಮ: "ಕ್ಲೀನಾಗೇ ಇತ್ತಂತಲ್ಲೇ, ಕೈಗೆ ಬಂದದ್ದನ್ನ ಒದ್ದು ಬಂದ್ಯಲ್ಲ."
"ಇತ್ತು ಅಂತ ಈಗ ಗೊತ್ತಾಯ್ತು ಅಮ್ಮ."
ಪಾತ್ರೆ ಕುಕ್ಕಿದಳು. ನಾನು ಎರಡು ಸಲ ಬಡಿಸಿಕೊಂಡು ತಿಂದೆ.

ಮಾರ್ಚ್ 17, ಬೆಳಿಗ್ಗೆ 10
ಹೊಸ ಗುಂಡಿ. ಮೇಸ್ತ್ರಿ ಎಲ್ಲರ ಹಾಳೆಗಳನ್ನೂ ತಂದು ನನ್ನ ಮುಂದಿಟ್ಟ. "ಅಡಿ ಒರೆಸಿದ್ದಾರಾ, ನೀನೇ ಕೇಳು. ನನಗಾದರೆ ಹೂಂ ಅಂತಾರೆ."
ಕೇಳಿದೆ. ಮೂವರು ಬೂಟು ನೋಡಿಕೊಂಡರು. ಅದರಲ್ಲಿ ಇಬ್ಬರು ಕಾಯಂ ಆದವರು. ಯಾರೂ ನಗಲಿಲ್ಲ. ಒಬ್ಬ ಮೆಲ್ಲಗೆ ಅಂದ — "ಒಂಬತ್ತು... ಹನ್ನೆರಡೂ ಇರಬೇಕು ಅಕ್ಕ."
ನನಗಿಂತ ಹತ್ತು ವರ್ಷ ದೊಡ್ಡವನು. ಅಕ್ಕ ಅಂದ.
ಕ್ರೇನಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಒಂಬತ್ತು ಮೇಲೆ ಬಂತು, ಕೋಲು ಎತ್ತಿಕೊಂಡು ಹೊರಟೆ.